ಕಾಡುಸೌತೆ

ಸೌತೇಕಾಯಿಯನ್ನು ಹೆಚ್ಚುವ ಮುನ್ನ ಅದರ ತೊಟ್ಟಿನ ತುದಿಯನ್ನು ಕೊಯ್ದು, ಕೊಯ್ದ ಮುಖಕ್ಕೆ ತಿಕ್ಕಿ ನೊರೆ ತೆಗೆಯುವ ಪದ್ಧತಿ ನಮ್ಮ ಮನೆಗಳಲ್ಲಿ ಉಂಟು. ಕೋಸಂಬರಿ ಎಲ್ಲಿ ಕಹಿಯಾದೀತೋ ಎಂಬ ಈ ಅಂಜಿಕೆಯ ಮೂಲವನ್ನು ಅರಸಿ ಹೊರಟರೆ ನಾವು ಹಿಮಾಲಯದ ತಪ್ಪಲನ್ನು ಸೇರುತ್ತೇವೆ.

ಅಲ್ಲಿ ಪೊದೆಗಳ ಮೇಲೆ ತಾನಾಗಿ ಹಬ್ಬಿ ಬೆಳೆಯುವ ಕಾಡುಸೌತೆಯೊಂದುಂಟು. ರಾಯ್ಲ್ ಎಂಬ ಸಸ್ಯಶಾಸ್ತ್ರಜ್ಞನು 1835ರಲ್ಲಿ ಅದನ್ನು ವರ್ಣಿಸಿ, ಹಾರ್ಡ್‌ವಿಕ್ ಎಂಬ ಸೇನಾಧಿಕಾರಿಯ ಹೆಸರನ್ನು ಅದಕ್ಕೆ ಜೋಡಿಸಿ, ಕುಕ್ಯುಮಿಸ್ ಹಾರ್ಡ್‌ವಿಕಿಯೈ ಎಂದು ಕರೆದನು. ಈಗಿನ ಸಸ್ಯಶಾಸ್ತ್ರಜ್ಞರು ಅದನ್ನು ನಮ್ಮ ತೋಟದ ಸೌತೆಯ ಕಾಡು ಬಗೆಯೆಂದೇ ಎಣಿಸುತ್ತಾರೆ. ಎರಡಕ್ಕೂ ವರ್ಣತಂತುಗಳು 14. ಇವುಗಳ ಸಂಕರದಿಂದ ಹುಟ್ಟಿದ ಬಳ್ಳಿಯೂ ಬೀಜ ಕಟ್ಟುತ್ತದೆ. ಒರಟು ರೋಮದ ಕಾಂಡ, ಆಸರೆ ಹಿಡಿಯುವ ಕುಡಿ, ಐದು ದಳದ ಹಳದಿ ಹೂವು, ಒಂದೇ ಬಳ್ಳಿಯಲ್ಲಿ ಬೇರೆ ಬೇರೆಯಾಗಿ ಗಂಡುಹೂ ಹೆಣ್ಣುಹೂಗಳು, ಇವೆಲ್ಲವೂ ಎರಡರಲ್ಲೂ ಸಮಾನ. ಕಾಯಿ ಮಾತ್ರ ಕೋಳಿಮೊಟ್ಟೆಯಷ್ಟು ಚಿಕ್ಕದು, ಬಾಯಲ್ಲಿಡಲಾರದಷ್ಟು ಕಹಿ.

ಈ ಕಹಿಗೆ ಕಾರಣವಾದ ವಸ್ತುವಿಗೆ ಕುಕುರ್ಬಿಟಾಸಿನ್ ಎಂದು ಹೆಸರು. ಇಂಗಾಲ, ಜಲಜನಕ, ಆಮ್ಲಜನಕಗಳಿಂದಾದ ಈ ವಸ್ತು ಬಳ್ಳಿಯ ಆಯುಧವೆಂದೇ ಹೇಳಬೇಕು. ಎಲೆಯಲ್ಲಿ ಅದಿದ್ದರೆ ರಸಹೀರುವ ನುಸಿಗಳು ಹಿಂದೆಗೆಯುತ್ತವೆ. ಆದರೆ ಕೆಲವು ದುಂಬಿಗಳು ಆ ಕಹಿಯನ್ನೇ ಹುಡುಕಿಕೊಂಡು ಬರುತ್ತವೆ! ಸೌತೆಯಲ್ಲಿ ಈ ವಸ್ತುವಿನ ತಯಾರಿಕೆಗೆ ಒಂಬತ್ತು ಜೀನುಗಳು ಬೇಕೆಂದೂ, ಎಲೆಯ ಕಹಿಗೊಂದು ಕಾಯಿಯ ಕಹಿಗೊಂದು ಎಂಬಂತೆ ಬೇರೆ ಬೇರೆ ಕೀಲಿಗಳಿವೆಯೆಂದೂ 2014ರಲ್ಲಿ ಚೀನದ ವಿಜ್ಞಾನಿಗಳು ತೋರಿಸಿಕೊಟ್ಟರು. ತಲೆತಲಾಂತರಗಳಿಂದ ಸಿಹಿಕಾಯಿಯ ಬೀಜವನ್ನೇ ಆರಿಸಿ ಬಿತ್ತಿದ ರೈತನು ಶಾಸ್ತ್ರವನ್ನರಿಯದೆಯೇ ಕಾಯಿಯ ಕೀಲಿಯನ್ನು ಮುಚ್ಚಿದನು. ನೀರಿನ ಅಭಾವ, ಚಳಿ ಮೊದಲಾದ ಸಂಕಟಗಳೊದಗಿದಾಗ ಕೆಲವು ಬಳ್ಳಿಗಳಲ್ಲಿ ಅದು ಮತ್ತೆ ತೆರೆದುಕೊಳ್ಳುವುದುಂಟು.

ಕಹಿಯು ಹೆಚ್ಚಾಗಿ ತೊಟ್ಟಿನ ಕಡೆಯಲ್ಲಿಯೂ ಸಿಪ್ಪೆಯ ಕೆಳಗೂ ಸೇರಿರುತ್ತದೆ. ಆದಕಾರಣ ತಿಕ್ಕುವುದಕ್ಕಿಂತ ಆ ಭಾಗವನ್ನು ಧಾರಾಳವಾಗಿ ಕೊಯ್ದು ಬಿಸುಡುವುದೇ ಲೇಸು. ಕಾಯಿ ಪೂರ್ತಿ ಕಹಿಯಾಗಿದ್ದರೆ ತಿನ್ನಲೇಬಾರದು. ಬೇಯಿಸಿದರೂ ದೋಷ ಹೋಗದು. ಇದೇ ಕುಟುಂಬದ ಕಹಿ ಸೋರೆಕಾಯಿಯ ರಸವನ್ನು ಔಷಧವೆಂದು ಕುಡಿದವರು ವಾಂತಿ, ಭೇದಿ, ರಕ್ತಸ್ರಾವಗಳಿಗೀಡಾದುದೂ ಕೆಲವರು ಪ್ರಾಣ ಕಳೆದುಕೊಂಡುದೂ ನಮ್ಮ ದೇಶದಲ್ಲಿಯೇ ನಡೆದಿದೆ. ಕಹಿಯಾದುದೆಲ್ಲ ಮದ್ದಲ್ಲ.

ಹಾಗಾದರೆ ತಿನ್ನಲಾಗದ ಕಾಡುಸೌತೆಯಿಂದ ಫಲವೇನು? ತೋಟದ ಬಳ್ಳಿಯಲ್ಲಿ ಮೊದಲ ಕಾಯಿಗಳು ಬಲಿಯತೊಡಗಿದೊಡನೆ ಮುಂದಿನವುಗಳ ಬೆಳವಣಿಗೆ ಕುಂಠಿತವಾಗುತ್ತದೆ. ಕಾಡುಬಳ್ಳಿಯಾದರೋ ಕವಲುಕವಲಿಗೂ ಕಾಯಿಗಳನ್ನು ಒಟ್ಟಿಗೆ ಹೊತ್ತು ನಿಲ್ಲುತ್ತದೆ. ಬೇರನ್ನು ಗಂಟುಗಂಟಾಗಿಸುವ ಜಂತುಹುಳುವನ್ನು ತಡೆಯುವ ಶಕ್ತಿಯೂ ಅದರ ಒಂದು ತಳಿಯಲ್ಲಿ ಕಂಡುಬಂದಿದೆ. ಈ ಗುಣಗಳನ್ನು ತೋಟದ ಸೌತೆಗೆ ಕೂಡಿಸಲು ತಳಿಶಾಸ್ತ್ರಜ್ಞರು ಯತ್ನಿಸಿದ್ದಾರೆ. ಕಾಡಿನ ಅಂಚನ್ನು ಸವರಿ ಕಳೆ ಕಿತ್ತೆವೆಂದು ನಾವು ಸಂತೋಷಪಡುವಾಗ, ನಾಳೆಯ ಬೆಳೆಗೆ ಬೇಕಾದ ಬೀಜವನ್ನೇ ಕಿತ್ತೆವೋ ಎಂದು ಒಮ್ಮೆ ಯೋಚಿಸುವುದು ಒಳ್ಳೆಯದು.