ಗರಗಸದ ಬ್ಲೇಡು ಮೇಜಿಗೆ ಸಮಾಂತರವಾಗಿದೆಯೇ?

ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿಗಳ ಮರಗೆಲಸದ ಅಂಗಡಿಗಳಲ್ಲಿ ಯಂತ್ರದಿಂದ ಕೊಯ್ದ ಹಲಗೆಯ ಅಂಚನ್ನು ಗಮನಿಸಿ. ಕೆಲವೊಮ್ಮೆ ಅದು ಸುಟ್ಟು ಕಪ್ಪಾಗಿರುತ್ತದೆ. ಬ್ಲೇಡು ಮೊಂಡಾಗಿರಬಹುದು. ಹೊಸ ಬ್ಲೇಡಿನಲ್ಲೂ ಹಾಗೆಯೇ ಆದರೆ ಜೋಡಣೆಯನ್ನು ಪರೀಕ್ಷಿಸಬೇಕು.

ಹಲಗೆಯು ಗೈಡ್ ಪಟ್ಟಿಗೆ ಒರಗಿ ನೇರವಾಗಿ ಸಾಗುತ್ತದೆ. ಬ್ಲೇಡು ಆ ದಾರಿಗೆ ಸಮಾಂತರವಾಗಿಲ್ಲದಿದ್ದರೆ ಹಿಂಬದಿಯ ಹಲ್ಲುಗಳು ಕೊಯ್ದ ಅಂಚನ್ನು ಉಜ್ಜುತ್ತವೆ. ಘರ್ಷಣೆಯಿಂದ ಮರ ಸುಡುತ್ತದೆ. ಅಪಾಯವೂ ಇದೆ. ಹಿಂಬದಿಯ ಹಲ್ಲುಗಳು ಮೇಲೇರುತ್ತಿರುವುದರಿಂದ ಹಲಗೆಯನ್ನು ಎತ್ತಿ ಕೆಲಸಗಾರನ ಕಡೆಗೇ ಎಸೆಯಬಲ್ಲವು. 250 ಮಿ.ಮೀ. ವ್ಯಾಸದ ಬ್ಲೇಡು ನಿಮಿಷಕ್ಕೆ 3000 ಸುತ್ತು ತಿರುಗಿದರೆ ಹಲ್ಲಿನ ವೇಗ ಸೆಕೆಂಡಿಗೆ ಸುಮಾರು 39 ಮೀಟರ್, ಅಂದರೆ ಗಂಟೆಗೆ 140 ಕಿ.ಮೀ.!

ಪರೀಕ್ಷೆ ಸುಲಭ. ಮೊದಲು ವಿದ್ಯುತ್ ಪ್ಲಗ್ ಕಿತ್ತಿಡಿ. ಒಂದು ಹಲ್ಲಿಗೆ ಗುರುತು ಹಾಕಿ, ಅದನ್ನು ಮುಂದೆ ತಂದು, ಮೇಜಿನಲ್ಲಿ ಕೊರೆದಿರುವ ನೇರ ತೋಡಿನಿಂದ ಅದರ ದೂರ ಅಳೆಯಿರಿ. ಅದೇ ಹಲ್ಲನ್ನು ಹಿಂಬದಿಗೆ ತಿರುಗಿಸಿ ಮತ್ತೆ ಅಳೆಯಿರಿ. ಅದೇ ಹಲ್ಲು ಏಕೆ? ಬ್ಲೇಡು ತುಸು ಸೊಟ್ಟಗಿದ್ದರೂ ಆ ದೋಷ ಎರಡೂ ಅಳತೆಗಳಲ್ಲಿ ಸಮವಾಗಿ ಸೇರಿ, ಕಳೆದಾಗ ಹೊರಟುಹೋಗುತ್ತದೆ.

200 ಮಿ.ಮೀ. ಅಂತರದಲ್ಲಿ 0.4 ಮಿ.ಮೀ. ವ್ಯತ್ಯಾಸವೆಂದರೆ ಓರೆ 0.002 ರೇಡಿಯನ್. ಕಣ್ಣಿಗೆ ಕಾಣದ ಈ ಓರೆಯೇ ಮರವನ್ನು ಸುಡಬಲ್ಲದು. ಮೇಜಿನ ಬೋಲ್ಟುಗಳನ್ನು ಸಡಿಲಿಸಿ, ಸರಿಪಡಿಸಿ, ಬಿಗಿಮಾಡಿ, ಮತ್ತೊಮ್ಮೆ ಅಳೆಯಿರಿ. ಕೊನೆಗೆ ಗೈಡ್ ಪಟ್ಟಿಯನ್ನೂ ಅದೇ ತೋಡಿಗೆ ಸಮಾಂತರವಾಗಿಸಿ.