ಮತ್ತೋಡಿನ ಕಡೆ ಜಮೀನು ಕೊಳ್ಳೋ ಮುಂಚೆ ನೀರಿನ ಲೆಕ್ಕ

‘ಬೆಂಗಳೂರು ಸಾಕಾಯ್ತು, ಮತ್ತೋಡಿನ ಕಡೆ ಎರಡೆಕರೆ ತಗೊಂಡು ಇದ್ದುಬಿಡ್ಲಾ?’ ಕೇಳುಗರೊಬ್ಬರ ಪ್ರಶ್ನೆ.

ಕೊಳ್ಳೋಕೆ ಕಾನೂನಿನ ಅಡ್ಡಿಯಿಲ್ಲ. 2020ರಲ್ಲಿ ಭೂಸುಧಾರಣಾ ಕಾಯ್ದೆಯ 79ಎ, 79ಬಿ ಕಲಂಗಳು ರದ್ದಾದ ಮೇಲೆ ಕೃಷಿಕರಲ್ಲದವರೂ ಜಮೀನು ತಗೋಬಹುದು. ಆದರೆ ಪಹಣಿ ನಿಮ್ಮ ಹೆಸರಿಗೆ ಬಂದ ಮಾತ್ರಕ್ಕೆ ಇಷ್ಟ ಬಂದ ಹಾಗೆ ಕಟ್ಟೋಕಾಗಲ್ಲ. ತೋಟದ ಮನೆ ಬಿಟ್ಟರೆ ಬೇರೆ ಕಟ್ಟಡಕ್ಕೆ ಭೂಪರಿವರ್ತನೆ ಬೇಕು.

ನಾನು ಓದಿದ್ದು ಬಿ.ಕಾಂ., ಲೆಕ್ಕ ಹಾಕದೆ ಬಿಡಲ್ಲ. ಬಾಡಿಗೆ ಉಳಿಯುತ್ತೆ, ಟ್ರಾಫಿಕ್ಕಿಗೆ ಹೋಗ್ತಿದ್ದ ಹೊತ್ತು ಕೈಗೆ ಸಿಗುತ್ತೆ. ಸಂಬಳದ ಕೆಲಸ ಮಾತ್ರ ಜೊತೆಗೇ ತಗೊಂಡು ಹೋಗಿ. ಗಾಜಿನ ಬಳೆಗೆ ಮತ್ತೋಡು ಹೆಸರಾಗಿದ್ದ ಕಾಲ ಮುಗಿದಿದೆ.

ಖರ್ಚಿನಲ್ಲಿ ದೊಡ್ಡ ಬಾಬ್ತು ನೀರು. ಚಿತ್ರದುರ್ಗ ಬರದ ಜಿಲ್ಲೆ. ಬೋರ್ ಕೊರೆಸಿದರೆ ನೀರು ಬಿದ್ದೇ ಬೀಳುತ್ತೆ ಅನ್ನೋ ಖಾತ್ರಿಯಿಲ್ಲ. ಬಿದ್ದರೂ ಫ್ಲೋರೈಡ್ ಇರಬಹುದು, ಅದು ಕಾಯಿಸಿದರೆ ಹೋಗೋದಲ್ಲ. ಶುದ್ಧ ನೀರಿನ ಘಟಕದಿಂದ ಕ್ಯಾನ್ ಹೊರೋದು ಅಲ್ಲಿ ದಿನದ ಕೆಲಸ. ವಿಚಿತ್ರ ನೋಡಿ, ಇದೇ ಹೊಸದುರ್ಗ ತಾಲ್ಲೂಕು ನೀರು ಹೆಚ್ಚಾದ ಕಷ್ಟವನ್ನೂ ಕಂಡಿದೆ. ವಾಣಿವಿಲಾಸ ಸಾಗರ 1933ರ ನಂತರ 2022ರಲ್ಲಿ ಕೋಡಿ ಬಿದ್ದಾಗ ಹಿನ್ನೀರು ತೋಟಗಳಿಗೇ ನುಗ್ಗಿತ್ತು.

ಹಾಗಾಗಿ ಮಳೆಗಾಲದಲ್ಲಿ ಜಮೀನು ನೋಡಬೇಡಿ, ಆಗ ಎಲ್ಲವೂ ಹಸಿರೇ. ಏಪ್ರಿಲ್‌ನಲ್ಲಿ ಹೋಗಿ. ಪಕ್ಕದ ತೋಟದವರನ್ನ ‘ಎಷ್ಟು ಅಡಿಗೆ ನೀರು ಬಿತ್ತಣ್ಣಾ, ಎಷ್ಟು ಬೋರ್ ಫೇಲಾದ್ವು?’ ಅಂತ ಕೇಳಿ. ನೀರು ಪರೀಕ್ಷೆ ಮಾಡಿಸಿ. ಅಡ್ವಾನ್ಸ್ ಆಮೇಲೆ ಕೊಟ್ಟರಾಯ್ತು.