ಎರೆ ಮಣ್ಣಿನ ನಾಡಿನಲ್ಲಿ ಬೈಕಿಗೆ ಯಾವ ಟೈರು?

ರಾಯಚೂರು: ಗುಡ್ಡಗಾಡು ಅಲೆಯುವವರಿಗೆಂದು ರೂಪುಗೊಂಡ ‘ಅಡ್ವೆಂಚರ್’ ಬೈಕುಗಳು ಬಯಲುಸೀಮೆಯಲ್ಲೂ ಓಡುತ್ತವೆ. ರಾಯಲ್ ಎನ್‌ಫೀಲ್ಡ್ ಹಿಮಾಲಯನ್ 2016ರಲ್ಲಿ, ಹೀರೊ ಎಕ್ಸ್‌ಪಲ್ಸ್ 200 2019ರಲ್ಲಿ ಮಾರುಕಟ್ಟೆಗೆ ಬಂದವು. ಕಂಪನಿ ಕೊಟ್ಟ ಟೈರು ಸವೆದ ದಿನ ಮಾಲೀಕರಿಗೆ ಪ್ರಶ್ನೆ ಏಳುತ್ತದೆ, ಮುಂದಿನದು ಯಾವುದು? ಲಡಾಖ್‌ನ ಕಲ್ಲುದಾರಿಗೆ ಒಪ್ಪುವ ಉತ್ತರ ಎಡೆದೊರೆ ನಾಡಿನ ಎರೆ ಮಣ್ಣಿಗೆ ಒಪ್ಪುವುದಿಲ್ಲ.

ರಾಯಚೂರಿನಿಂದ ದೇವದುರ್ಗಕ್ಕೂ ಮಾನ್ವಿಗೂ ಸುಮಾರು ಒಂದೊಂದು ತಾಸಿನ ದಾರಿ. ಮುಖ್ಯರಸ್ತೆ ಡಾಂಬರು. ಅಲ್ಲಿಂದ ಹೊರಳಿದರೆ ದೇವದುರ್ಗದ ಕಡೆ ನಾರಾಯಣಪುರ ಬಲದಂಡೆ, ಮಾನ್ವಿಯ ಕಡೆ ತುಂಗಭದ್ರಾ ಎಡದಂಡೆ ಕಾಲುವೆಗಳ ಪಕ್ಕದ ಗರಸಿನ ದಾರಿಗಳು. ಅದರಾಚೆ ಎರೆ ಹೊಲ. ಒಂದೇ ದಿನದ ಸವಾರಿಯಲ್ಲಿ ಮೂರೂ ಎದುರಾಗುತ್ತವೆ.

‘ಬಟನ್ ಟೈರು’ ಎಂದು ಸವಾರರು ಕರೆಯುವ, ದೊಡ್ಡ ರಬ್ಬರ್ ಉಬ್ಬುಗಳ ಟೈರು ಸಡಿಲ ಮಣ್ಣಿನಲ್ಲಿ ಕಚ್ಚಿ ಹಿಡಿಯುತ್ತದೆ. ಆದರೆ ಡಾಂಬರಿಗೆ ತಾಗುವ ರಬ್ಬರಿನ ಪ್ರಮಾಣ ಕಡಿಮೆ. ಒದ್ದೆ ರಸ್ತೆಯಲ್ಲಿ ಬ್ರೇಕ್ ಒತ್ತಿದಾಗ ಇದರ ಬೆಲೆ ತಿಳಿಯುತ್ತದೆ. ನಾಟಿಯ ದಿನಗಳಲ್ಲಿ ಮಾನ್ವಿ ಸುತ್ತಿನ ಭತ್ತದ ಗದ್ದೆಗಳಿಂದ ಟ್ರ್ಯಾಕ್ಟರ್‌ಗಳು ಹೊತ್ತು ತರುವ ರಾಡಿ ಡಾಂಬರಿನ ಮೇಲೆ ತೆಳ್ಳಗೆ ಹರಡಿರುತ್ತದೆ. ಹೊಲದಲ್ಲಿ ಬಿದ್ದರೆ ಬಟ್ಟೆ ಕೆಡುತ್ತದೆ, ಇಲ್ಲಿ ಬಿದ್ದರೆ ಹಿಂದೆ ಲಾರಿ ಇರುತ್ತದೆ. ಜೊತೆಗೆ ಏಪ್ರಿಲ್-ಮೇ ತಿಂಗಳಲ್ಲಿ 40 ಡಿಗ್ರಿ ಮೀರುವ ಬಿಸಿಲಿಗೆ ಕಾದ ರಸ್ತೆ ಮೆದು ಉಬ್ಬುಗಳನ್ನು ಬೇಗ ಸವೆಸುತ್ತದೆ.

ಹಾಗಾದರೆ ಎರೆ ಹೊಲಕ್ಕಾದರೂ ಬಟನ್ ಟೈರು ಸರಿಯೇ? ಒಣಗಿದಾಗ ಅದರ ಅಗತ್ಯವೇ ಇಲ್ಲ. ನೆನೆದ ಎರೆ ಉಬ್ಬುತ್ತದೆ, ಅಂಟುತ್ತದೆ. ಉಬ್ಬುಗಳ ನಡುವಿನ ಸಂದು ತುಂಬಿ ಟೈರು ನುಣ್ಣಗಿನ ಮಣ್ಣಿನ ಗಾಲಿಯಾಗುತ್ತದೆ, ಮಡ್‌ಗಾರ್ಡ್‌ನೊಳಗೆ ಮೆತ್ತಿಕೊಂಡು ಚಕ್ರವೇ ನಿಲ್ಲುತ್ತದೆ. ಸಂದು ಅಗಲವಾದಷ್ಟೂ ಮಣ್ಣು ಸಿಡಿದು ಹೋಗುವುದು ನಿಜ, ಆದರೆ ಹದ ಮಳೆಯ ಎರೆಯನ್ನು ಗೆಲ್ಲುವ ಟೈರು ಇಲ್ಲ. ಎತ್ತಿನ ಬಂಡಿಯವರು ಮಾಡುತ್ತಿದ್ದಂತೆ ನೆಲ ಆರುವವರೆಗೆ ಕಾಯುವುದೇ ಲೇಸು.

ಆದ್ದರಿಂದ ಇಲ್ಲಿನ ಬಹುಪಾಲು ಸವಾರರಿಗೆ ಡಾಂಬರಿಗೆ ಹೆಚ್ಚು, ಗರಸಿಗೆ ಸಾಕಷ್ಟು ಒಗ್ಗುವ ಮಿಶ್ರ ಬಗೆಯ ಟೈರು ಸೂಕ್ತ. ಕಂಪನಿಗಳು ಹೇಳುವ ‘70-30’ ಲೆಕ್ಕ ಪ್ರಮಾಣೀಕೃತ ಅಳತೆಯಲ್ಲ, ಮಾರಾಟದ ಮಾತು. ಗರಸಿನ ಓಡಾಟ ಹೆಚ್ಚಿದ್ದರೆ ಮುಂದಿನ ಚಕ್ರಕ್ಕೆ ತುಸು ಒರಟು ಟೈರು ಹಾಕಬಹುದು. ದಿಕ್ಕು ಹಿಡಿಯುವುದು ಅದೇ.

ಕೊಳ್ಳುವಾಗ ಅಳತೆ ತಪ್ಪಬಾರದು. ಈ ಎರಡೂ ಬೈಕುಗಳ ಮುಂದಿನ ಚಕ್ರ 21 ಇಂಚು. ಹಿಂದಿನದು ಹಿಮಾಲಯನ್‌ಗೆ 17, ಎಕ್ಸ್‌ಪಲ್ಸ್‌ಗೆ 18. ಟೈರಿನ ಪಕ್ಕದಲ್ಲಿ ‘2324’ ಎಂದಿದ್ದರೆ ಅದು 2024ರ 23ನೇ ವಾರ ತಯಾರಾದದ್ದು. ಅಂಗಡಿಯಲ್ಲಿ ವರ್ಷಗಟ್ಟಲೆ ಕೂತದ್ದನ್ನು ರಿಯಾಯಿತಿ ಕೊಟ್ಟರೂ ಬೇಡವೆನ್ನಿ.

ಇನ್ನುಳಿದದ್ದು ಬಳ್ಳಾರಿ ಜಾಲಿಯ ಮುಳ್ಳು. ಕಾಲುವೆ ದಂಡೆಯಲ್ಲಿ ಅದಕ್ಕೆ ಯಾವ ಟೈರೂ ಲೆಕ್ಕಕ್ಕಿಲ್ಲ. ಕಡ್ಡಿ ಚಕ್ರದ ಬೈಕುಗಳಲ್ಲಿ ಸಾಮಾನ್ಯವಾಗಿ ಟ್ಯೂಬ್ ಇರುವುದರಿಂದ ಮುಳ್ಳು ಚುಚ್ಚಿದೊಡನೆ ಗಾಳಿ ಇಳಿಯುತ್ತದೆ. 21 ಇಂಚಿನ ಟ್ಯೂಬ್ ಹಳ್ಳಿಯ ಪಂಕ್ಚರ್ ಅಂಗಡಿಯಲ್ಲಿ ಸಿಗುವುದೆಂದು ನಂಬಿ ಹೊರಡದಿರಿ. ಒಂದನ್ನು ಪಂಪಿನೊಡನೆ ಚೀಲದಲ್ಲಿಡಿ. ಗರಸಿನಲ್ಲಿ ಹಿಡಿತಕ್ಕೆಂದು ಗಾಳಿ ಇಳಿಸಿದ್ದರೆ, ಡಾಂಬರಿಗೆ ಮರಳಿದೊಡನೆ ಮತ್ತೆ ತುಂಬಲು ಆ ಪಂಪೇ ಬೇಕು.